ಕಾಜಕ್ಕನ ಅರ್ಧ ಗಂಟೆ

ಅಪ್ಪ ಅಮ್ಮ ಅವಳಿಗೆ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಒಂದೇ ಕೋಟಿನಂಗಡಿಯಲ್ಲಿ ಹತ್ತೊಂಬತ್ತು ವರ್ಷ ಕೂತು, ಗುಂಡಿ ತೂರಿಸುವ ಕಾಜಗಳನ್ನು ಕೈಯಲ್ಲೇ ಹೊಲಿದವಳನ್ನು ಇನ್ನೇನೆಂದು ಕರೆಯುತ್ತಾರೆ? ಅಂಗಡಿಗೆ ಫೋನ್ ಮಾಡಿದರೆ ಅವಳ ಗಂಡ ಕೂಡ "ಕಾಜಕ್ಕ ಇದ್ದಾಳಾ?" ಎಂದೇ ಕೇಳುತ್ತಿದ್ದ. ಕಟ್ಟಿಕೊಂಡವಳನ್ನೇ ಅಕ್ಕ ಎಂದ ಪುಣ್ಯಾತ್ಮ!

ಅವಳು ಕೂರುತ್ತಿದ್ದದ್ದು ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ. ಹದಿನಾಲ್ಕು ಮೆಟ್ಟಿಲು ಇಳಿಯಬೇಕು. ಕಿಟಕಿ ಎಂಬುದಿಲ್ಲ. ನಾಲ್ಕು ಟ್ಯೂಬ್‌ಲೈಟು, ಇಸ್ತ್ರಿಯ ಹಬೆ, ಮೂಗಿಗೆ ಅಡರುವ ಉಣ್ಣೆಯ ಧೂಳು. ಚಳಿಗಾಲ ಬಂದರೆ ಕೋಟಿನವರಿಗೆ ಸುಗ್ಗಿ. ಬೆಳಕು ಹರಿಯುವ ಮೊದಲೇ ಇಳಿದರೆ, ಮೇಲೆ ಬರುವಾಗ ಬೀದಿದೀಪ ಹತ್ತಿರುತ್ತಿತ್ತು. ಹಗಲು ಕಾಣುವುದು ವಾರಕ್ಕೊಂದು ರಜೆಯಲ್ಲಿ. ಅದೂ ಬಟ್ಟೆ ಒಗೆಯುವುದರಲ್ಲಿ ಮುಗಿಯುತ್ತಿತ್ತು.

ಹೋದ ಚಳಿಗಾಲದಲ್ಲಿ ಅವಳ ಮನಸ್ಸು ಕುಸಿದುಬಿಟ್ಟಿತು. ಸೂಜಿ ಹಿಡಿದಿದ್ದಂತೆಯೇ ಕಣ್ಣಲ್ಲಿ ನೀರು. ಯಾಕೆ ಎಂದರೆ ಉತ್ತರವಿಲ್ಲ. ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಎದ್ದರೆ ಮಂಡಿ ಮಡಚಲು ಬಾರದು. ಮಗಳು ಪಕ್ಕದಲ್ಲಿ ಕೂತು ಶಾಲೆಯ ಸುದ್ದಿ ಹೇಳಿದರೆ ಅರ್ಧಕ್ಕೇ "ಸಾಕು, ಹೋಗೇ" ಎನ್ನುತ್ತಿದ್ದಳು. ಒಂದು ದಿನ ಮಗಳು ಹೇಳುವುದನ್ನೇ ನಿಲ್ಲಿಸಿದಳು. ಆಗ ಮಾತ್ರ ಕಾಜಕ್ಕನ ಜೀವ ಝಲ್ಲೆಂದಿತು. ಮಾರನೆಯ ದಿನವೇ ಡಾಕ್ಟರಮ್ಮನ ಮುಂದೆ ಕೂತಳು.

"ಮಾತ್ರೆ ಬರ್ಕೊಡ್ತೀನಿ, ತಪ್ಪಿಸಬೇಡಿ," ಎಂದರು ಡಾಕ್ಟರಮ್ಮ. "ಜೊತೆಗೆ ದಿನಾ ಹಗಲು ಹೊತ್ತು ಅರ್ಧ ಗಂಟೆ ಹೊರಗೆ ನಡೀರಿ. ಚಳಿ ಇದೆ ಅಂತ ನೆಪ ಹೇಳ್ಬೇಡಿ."

ಆ ಸಲ ಮಾತ್ರೆಯನ್ನಷ್ಟೇ ನುಂಗಿದಳು, ನಡಿಗೆಗೆ ನೆಪ ಹೇಳಿದಳು. ಈ ಚಳಿಗಾಲ ಶುರುವಾಗಿ ಮತ್ತೆ ನಿದ್ದೆ ಕೆಟ್ಟು ಮಂಡಿ ಬಿಗಿದದ್ದೇ ತಡ, ಮಧ್ಯಾಹ್ನ ಹನ್ನೆರಡಕ್ಕೆ ತಲೆಗೆ ಸ್ಕಾರ್ಫ್ ಬಿಗಿದು ಮೆಟ್ಟಿಲು ಹತ್ತತೊಡಗಿದಳು. ಅಂಗಡಿಯ ಹಿಂದೆ ನದಿದಂಡೆಯ ಕಾಲುಹಾದಿ. ಅಲ್ಲಿ ಅರ್ಧ ಗಂಟೆ ನಡಿಗೆ. ಅದಕ್ಕೆ ಬದಲಾಗಿ ಸಂಜೆ ಅರ್ಧ ಗಂಟೆ ಹೆಚ್ಚು ಕೂರುತ್ತಿದ್ದಳು. ಯಾರ ಹಂಗೂ ಬೇಡ ಎಂದು.

ಅಷ್ಟಕ್ಕೇ ಊರೆಲ್ಲ ಅವಳ ಮೇಲೆ ಬಿತ್ತು. "ಏನಕ್ಕಾ, ಮಂಜು ಕುಡಿಯೋಕೆ ಹೊರಟ್ಯಾ?" ಎಂದ ಇಸ್ತ್ರಿಯವನು. "ಹೂಂ ಕಣಣ್ಣ, ನಿಂಗೂ ಒಂದು ಲೋಟ ತರ್ಲಾ?" ಎಂದಳು. ಅತ್ತೆ ಮುಖ ಗಂಟಿಕ್ಕಿಕೊಂಡು, "ಈ ಚಳೀಲಿ ತಿರುಗಾಡಿ ಕಾಯಿಲೆ ಬಿದ್ರೆ ನೋಡ್ಕೊಳ್ಳೋರು ಯಾರಮ್ಮ?" ಎಂದರು.

"ಒಳಗೇ ಕೂತು ಕಾಯಿಲೆ ಬಿದ್ದಿದ್ನಲ್ಲ ಅತ್ತೆ, ಆಗ ಯಾರು ನೋಡ್ಕೊಂಡ್ರು?"

ಅತ್ತೆ ಎದ್ದು ಅಡುಗೆಮನೆಗೆ ನಡೆದರು.

ಹೊರಗೆ ಹೋದ ಕೂಡಲೇ ಏನೋ ಪವಾಡ ಆಯಿತು ಎಂದುಕೊಳ್ಳಬೇಡಿ. ಮೊದಲ ವಾರ ಕಿವಿ ಸಿಡಿಯುತ್ತಿತ್ತು, ಮೂಗು ಸೋರುತ್ತಿತ್ತು, ಡಾಕ್ಟರಮ್ಮನಿಗೆ ಮನಸ್ಸಿನಲ್ಲೇ ಶಾಪ ಹಾಕಿದಳು. ಎರಡನೆಯ ವಾರ ಒಂದು ರಾತ್ರಿ ಪೂರ್ತಿ ನಿದ್ದೆ ಬಂತು. ತಿಂಗಳಾಗುವ ಹೊತ್ತಿಗೆ ಮಂಡಿ ಸಡಿಲವಾಯಿತು. ಮಗಳು ಟೀಚರ್ ಕುರ್ಚಿ ಮುರಿದ ಕಥೆ ಹೇಳಿದಾಗ ಕೊನೆಯವರೆಗೂ ಕೇಳಿ, ಹೊಟ್ಟೆ ಹಿಡಿದು ನಕ್ಕಳು. ಅಷ್ಟು ಸಾಕಾಗಿತ್ತು ಅವಳಿಗೆ. ಇನ್ನು ಯಾರು ಜಪ್ಪಯ್ಯ ಎಂದರೂ ಜಗ್ಗುವವಳಲ್ಲ.

ಆಗ ಬಂತು ದೊಡ್ಡ ಹೋಟೆಲೊಂದರ ಆರ್ಡರು. ಅರವತ್ತು ಕಪ್ಪು ಕೋಟು, ಹತ್ತೇ ದಿನ ಗಡುವು. ಬಟ್ಟೆ ಕತ್ತರಿಸಿ ಕೆಲಸ ಹಂಚುವ ಕಟಿಂಗ್ ಮಾಸ್ಟರಿಗೆ ತಲೆ ಬಿಸಿ. ಆರ್ಡರಿನ ಎರಡನೆಯ ದಿನ ಕಾಜಕ್ಕ ಸ್ಕಾರ್ಫ್ ಎತ್ತಿಕೊಂಡಳೋ ಇಲ್ಲವೋ, ಮಾಸ್ಟರು ಎದ್ದುನಿಂತು ಗುಡುಗಿದರು. "ಇವತ್ತು ಮೇಲೆ ಹೋದ್ರೆ ನಾಳೆ ಕೆಳಗೆ ಇಳೀಬೇಡ!"

ಕತ್ತರಿ, ಹೊಲಿಗೆ ಯಂತ್ರ, ಇಸ್ತ್ರಿ ಎಲ್ಲ ನಿಂತವು. ಕೆಲಸ ಬಿಟ್ಟರೆ ಮನೆ ನಡೆಯುವುದು ಹೇಗೆ ಎಂಬುದು ಗೊತ್ತಿಲ್ಲದವಳೇ? ಆದರೂ ಹೊರಟ ಮನಸ್ಸು ನಿಲ್ಲಲಿಲ್ಲ. "ನಾಳೆ ವಿಷಯ ನಾಳೆ ನೋಡೋಣ ಮಾಸ್ಟ್ರೇ," ಎಂದು ಹತ್ತಿಯೇ ಬಿಟ್ಟಳು.

ನದಿದಂಡೆಯಲ್ಲಿ ಅಂದು ಬಿಸಿಲು ಚುರುಕಾಗಿತ್ತು. ಸ್ವೆಟರಿನ ತೋಳಿಗೆ ಎಂದಿನಂತೆ ದಾರದ ತುಣುಕು ಅಂಟಿತ್ತು. ಕಿತ್ತು ಬಿಸಾಡಲು ಹೋದವಳು ಹಾಗೇ ನಿಂತಳು. ದಾರ ಕಪ್ಪಲ್ಲ, ಕಡುನೀಲಿ! ಟ್ಯೂಬ್‌ಲೈಟಿನ ಕೆಳಗೆ ಮಾಸ್ಟರು ಉರುಳೆ ಅದಲುಬದಲು ಮಾಡಿ ಕೊಟ್ಟಿದ್ದರು. ಕಪ್ಪೆಂದೇ ನಂಬಿ ಅವಳು ಆಗಲೇ ಹನ್ನೊಂದು ಕೋಟಿಗೆ ನೀಲಿ ಕಾಜ ಹೊಲಿದಿದ್ದಳು.

ನಡಿಗೆ ಮುಗಿಸಿ ಬಂದು, ಮಾಸ್ಟರ ಕೈಗೆ ಒಂದು ಕೋಟು ಕೊಟ್ಟು ಬೀದಿಬಾಗಿಲಿಗೆ ಕರೆದೊಯ್ದಳು. ನೋಡಿದ ಮಾಸ್ಟರು ತಲೆ ಚಚ್ಚಿಕೊಂಡರು. ಅರವತ್ತೂ ಹೀಗೇ ಹೋಗಿದ್ದರೆ ಅಂಗಡಿಯ ಮಾನ ಮೂರು ಕಾಸಿಗೆ ಹರಾಜು. ಹನ್ನೊಂದು ಕೋಟಿನ ಕಾಜ ಬಿಚ್ಚಿ ಮತ್ತೆ ಹೊಲಿದರು, ಬೈಗುಳ ಯಾರಿಗೂ ಬೀಳಲಿಲ್ಲ.

ಮಾರನೆಯ ದಿನ ಹನ್ನೆರಡಕ್ಕೆ ಮಾಸ್ಟರೇ ನಾಲ್ಕು ಕೋಟು, ದಾರದ ಡಬ್ಬಿ ಹಿಡಿದು ಎದುರು ಬಂದರು. ದನಿಯಲ್ಲಿ ಬೆಣ್ಣೆ. "ಹೋಗಿ ಬಾರಮ್ಮ, ಯಾರು ಬೇಡ ಅಂದ್ರು? ಇವನ್ನೂ ತಗೊಂಡು ಹೋಗು. ಬೆಳಕಲ್ಲಿ ಬಣ್ಣ ನೋಡ್ಕೊಂಡು ಬಾ. ಕೆಲಸ ಅಂತಲೇ ಆಯ್ತಲ್ಲ, ಸಂಜೆ ನಿಲ್ಲೋದೂ ಬೇಡ."

ಇಸ್ತ್ರಿಯವನು ಅವಳತ್ತ ನೋಡಿ ಹುಬ್ಬು ಹಾರಿಸಿದ. ಗೆದ್ದೆಯಲ್ಲಕ್ಕಾ ಎಂಬಂತೆ. ಆದರೆ ಕಾಜಕ್ಕನಿಗೆ ನಿನ್ನೆ ಬಾರದ ಸಿಟ್ಟು ಇವತ್ತು ಬಂತು.

"ಬಣ್ಣ ನೋಡೋಕೆ ಬಾಗಿಲ ಹತ್ರ ಎರಡು ನಿಮಿಷ ಸಾಕು ಮಾಸ್ಟ್ರೇ. ಅದನ್ನ ನೀವೂ ನೋಡಬಹುದು. ಅಂಗಡಿಗೆ ಉಪಯೋಗ ಆಯ್ತು ಅಂತ ನನಗೆ ಬಿಸಿಲು ಕೊಡ್ಬೇಡಿ. ದಾರ ಸರಿ ಇದ್ದಿದ್ರೂ ನಾನು ಹೋಗ್ತಿದ್ದೆ. ಸಂಜೆ ಅರ್ಧ ಗಂಟೆ ಕೂರ್ತೀನಿ, ಈ ಅರ್ಧ ಗಂಟೆ ನಂದು."

ಕೋಟುಗಳನ್ನು ಮುಟ್ಟದೆ ಬರಿಗೈಯಲ್ಲಿ ಹತ್ತಿ ಹೋದಳು. ಹೊರಗೆ ಆ ದಿನ ಬಿಸಿಲೂ ಇರಲಿಲ್ಲ, ಕಪ್ಪು ನೀಲಿ ಯಾವುದೂ ತಿಳಿಯದಷ್ಟು ದಟ್ಟ ಮಂಜು. ಅದರಲ್ಲೇ ಅರ್ಧ ಗಂಟೆ ಪೂರ್ತಿ ನಡೆದಳು.