ದಾರಿ ಕೇಳದ ಬೋರೇಗೌಡರು

ಬೋರೇಗೌಡರು ಯಾರನ್ನೂ ದಾರಿ ಕೇಳುತ್ತಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹೆಗಲ ಮೇಲಿನ ಟವೆಲ್ಲು ಜಾರದಂತೆ ಕತ್ತು ಒಂದಿಷ್ಟು ವಾಲಿಸಿ, ಜೊತೆಯಲ್ಲಿದ್ದವರಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದರು. ಹಿಂದಿನಿಂದ ನೋಡಿದರೆ ಊರೆಲ್ಲ ಅವರದೇ ಅನ್ನಿಸಬೇಕು. "ಕೇಳದ್ಯಾಕ್ಲಾ? ನಡೀತಾ ಇರು, ದಾರಿ ಅದಾಗದೇ ಸಿಕ್ತದೆ" ಎನ್ನುತ್ತಿದ್ದರು. ಸಿಗುತ್ತಿತ್ತು, ನಿಜ. ನಮಗೆ ಬೇಕಾದ ದಾರಿ ಮಾತ್ರ ಅದಾಗಿರುತ್ತಿರಲಿಲ್ಲ.

ಪಾಂಡವಪುರದಲ್ಲಿ ಆಲೆಮನೆಗಳ ಕಬ್ಬಿನ ಗಾಣ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಅವರು ಹಿರಿಯ ಫಿಟ್ಟರು, ಪಾಲಹಳ್ಳಿಯವರು. ನಾನು ಗುಮಾಸ್ತ. ಒಮ್ಮೆ ಹೇಮಗಿರಿ ಹತ್ತಿರದ ಆಲೆಮನೆಗೆ ಗಾಣ ಇಳಿಸಲು ಹೊರಟ ನಮ್ಮ ಟೆಂಪೋ ಅವರ ಕೃಪೆಯಿಂದ ನಾಗಮಂಗಲದ ಸಂತೆಯೊಳಗೆ ನುಗ್ಗಿತ್ತು. ಡ್ರೈವರು ಗೊಣಗಿದಾಗ ಗೌಡರು ಕೆಳಗಿಳಿದು, ಎಲ್ಲರಿಗೂ ಬಿಸಿ ಬೋಂಡ ಕೊಡಿಸಿ, "ಈ ಕಡೆ ಬೆಳೆ ಎಂಗದೆ ಅಂತ ನೋಡ್ದಂಗಾಯ್ತು ಬುಡ್ಲಾ" ಎಂದಿದ್ದರು. ತಪ್ಪಾಯಿತು ಎನ್ನುವ ಮಾತು ಅವರ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಅಂಥವರ ಬೆನ್ನು ನೋಡಿಕೊಂಡು ನಾನು ಕೊಯಮತ್ತೂರಿಗೆ ಹೋದೆ.

ಅದು ತೊಂಬತ್ತರ ದಶಕದ ನಡುಭಾಗ. ಗಾಣದ ರೋಲರುಗಳ ಸವೆದ ಹಲ್ಲುಗಳನ್ನು ಹೊಸದಾಗಿ ಕಡೆಸಿ ತರಬೇಕಿತ್ತು. ಕಬ್ಬು ಅರೆಯುವ ಕಾಲ, ನಮ್ಮ ಅಂಗಡಿಯ ಸಾಹುಕಾರರು ಕಾಯುವ ಸ್ಥಿತಿಯಲ್ಲಿರಲಿಲ್ಲ. ಇತ್ತ ನನ್ನ ಹೆಂಡತಿ ಸಾವಿತ್ರಿಗೆ ದಿನ ತುಂಬಿತ್ತು. ಹಿಂದಿನ ಸಲ ಮಗು ಹೊಟ್ಟೆಯಲ್ಲೇ ಹೋಗಿ, ಅವಳು ಉಳಿದದ್ದೇ ಹೆಚ್ಚು ಎನ್ನುವಂತಾಗಿತ್ತು. ಈ ಸಲ ಅವಳನ್ನು ನಾಗಮಂಗಲದಲ್ಲಿ ಆಸ್ಪತ್ರೆಗೆ ಸೇರಿಸಿ, ಅವಳಣ್ಣನನ್ನು ಜೊತೆಗೆ ಬಿಟ್ಟು ಬಸ್ಸು ಹತ್ತಿದ್ದೆ. ನಾವು ಇಳಿಯುವ ಲಾಡ್ಜಿನ ನಂಬರು ಅವನ ಹತ್ತಿರ ಇತ್ತು. ಮಧ್ಯಾಹ್ನದ ಹೊತ್ತಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತೇನೆ ಎಂದಿದ್ದ. ನಾನೇ ಮಾಡೋಣವೆಂದರೆ ಅವನಿಗೆ ಯಾವ ನಂಬರೂ ಇರಲಿಲ್ಲ.

ಬೆಳಿಗ್ಗೆ ಲಾಡ್ಜಿನಲ್ಲಿ ನಾನು ಸ್ನಾನ ಮುಗಿಸಿ ಬರುವಾಗ ಗೌಡರು ಕೌಂಟರಿನ ಫೋನು ಕೆಳಗಿಡುತ್ತಿದ್ದರು. ಒದ್ದೆ ತಲೆಯಲ್ಲೇ ಅವರತ್ತ ಧಾವಿಸಿದೆ. "ಯಾರು ಗೌಡ್ರೇ?" ಎಂದೆ. "ಸಾವ್ಕಾರ್ರು ಕಣ್ಲಾ. ಬೇಗ ತನ್ನಿ ಅಂತ ಒಂದೇ ವರಾತ" ಎಂದರು. ಆಗ ನಂಬಿದೆ.

ವರ್ಕ್‌ಶಾಪಿನವರು ರೋಲರು ಸಂಜೆಗೆ ಕೊಡುತ್ತೇವೆ ಎಂದರು. "ಬಾರ್ಲಾ ಶಂಕ್ರಾ, ಊರು ನೋಡ್ಕಂಡ್ ಬರಣ" ಎಂದು ಗೌಡರು ಕೈ ಹಿಂದೆ ಕಟ್ಟಿದರು. ಸಾಲುಸಾಲು ಮೋಟಾರು ಅಂಗಡಿ, ಮೊಳಗಟ್ಟಲೆ ಮಲ್ಲಿಗೆ ಮಾರುವ ಹೆಂಗಸರು, ಯಾವುದೋ ಹತ್ತಿ ಗಿರಣಿಯ ಕೂಗು. ಗೌಡರು ಸಿಕ್ಕಸಿಕ್ಕವರನ್ನೆಲ್ಲ ಅಚ್ಚ ಮಂಡ್ಯದ ಕನ್ನಡದಲ್ಲೇ ಮಾತಾಡಿಸಿದರು. ತಮಿಳರೂ ತಮಿಳಿನಲ್ಲೇ ಉತ್ತರ ಕೊಟ್ಟರು, ಯಾರಿಗೂ ಕೊರತೆಯಾಗಲಿಲ್ಲ. ಬಿಸಿಲು ಏರಿದಂತೆ ನನಗೆ ಒಳಗೊಳಗೇ ಶುರುವಾಯಿತು. "ಗೌಡ್ರೇ, ಲಾಡ್ಜಿಗೆ ಓಗಣ. ಫೋನ್ ಬತ್ತದೆ" ಎಂದೆ.

"ಓಗಣ ತಡ್ಕಳ್ಳಾ."

ಇನ್ನೊಂದು ಬೀದಿ ದಾಟಿದೆವು. ಮತ್ತೆ ಕೇಳಿದೆ. ಗೌಡರು ನಿಂತು ಅತ್ತಿತ್ತ ನೋಡಿ, ಎಳನೀರು ಕೊಡಿಸಿದರು. ಮೂರನೆಯ ಸಲ ಕೇಳಿದಾಗ ಬೋಂಡ ಬಂತು. ದಿನವೂ ನನ್ನನ್ನು ಬೈದೇ ಮಾತು ಶುರುಮಾಡುವವರು ಅಂದು ಒಂದು ಬೈಗುಳವನ್ನೂ ಆಡದೆ ಹೆಗಲ ಮೇಲೆ ಕೈಹಾಕಿದರು. "ಯಾಕ್ಲಾ ಮಖ ಇಂಗ್ ಮಾಡ್ಕಂಡಿದ್ದೀಯ? ಧೈರ್ಯವಾಗಿರ್ಬೇಕು ಕಣಪ್ಪಾ" ಎಂದರು. 'ಕಣ್ಲಾ' ಬಿಟ್ಟು 'ಕಣಪ್ಪಾ' ಎಂದದ್ದು ಕೇಳಿ, ತಿನ್ನುತ್ತಿದ್ದ ಬೋಂಡ ನನ್ನ ಕೈಯಲ್ಲೇ ಉಳಿಯಿತು.

ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಹೇಳಿದ ಮೇಲೆ ಮಣ್ಣು ಮುಗಿಯುವ ತನಕ ಅನ್ನವಿಲ್ಲ, ಅದಕ್ಕೇ ಮೊದಲು ಹೊಟ್ಟೆ ತುಂಬಿಸುತ್ತಾರೆ. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಪಕ್ಕದ ಮನೆಯ ಚಿಕ್ಕಪ್ಪ ಬಂದು, ಹೋಟೆಲಿಗೆ ಕರೆದೊಯ್ದು, ಬೇಡವೆಂದರೂ ಎರಡನೇ ಮಸಾಲೆದೋಸೆ ತಿನ್ನಿಸಿ, "ನಿಮ್ಮಪ್ಪಂಗೆ ವಸಿ ಉಸಾರಿಲ್ಲ, ನಡಿ" ಎಂದಿದ್ದರು. ಊರು ಮುಟ್ಟಿದಾಗ ಅಪ್ಪನನ್ನು ಜಗಲಿಯ ಮೇಲೆ ಮಲಗಿಸಿದ್ದರು.

ಹಾಗಾದರೆ ಬೆಳಿಗ್ಗೆ ಬಂದ ಫೋನು ಸಾಹುಕಾರರದ್ದಲ್ಲ. ಬಸ್ಸು ಹತ್ತುವ ತನಕ ನನ್ನನ್ನು ಹೀಗೇ ಬೀದಿಬೀದಿ ತಿರುಗಿಸಿ, ತಿನ್ನಿಸಿ, ಊರ ಬಾಗಿಲಲ್ಲಿ ಹೇಳುತ್ತಾರೆ. ಆಟೋ ಹಿಡಿದು ನಾನೊಬ್ಬನೇ ಲಾಡ್ಜಿಗೆ ಹೋಗಬಹುದಿತ್ತು. ಹೋಗಿ ಕೇಳುವ ಧೈರ್ಯ ಬರಲಿಲ್ಲ. ಗೊತ್ತಾಗುವ ತನಕ ಸಾವಿತ್ರಿ ಬದುಕಿರುತ್ತಾಳೆ ಎಂಬ ಹುಚ್ಚು ಲೆಕ್ಕದಲ್ಲಿ ಆ ಬೆನ್ನಿನ ಹಿಂದೆಯೇ ನಡೆದೆ.

ಕೊನೆಗೆ ಒಂದು ಊಟದ ಹೋಟೆಲಿಗೆ ನುಗ್ಗಿದೆವು. ಎಲೆ ಹಾಕಿದರು. ಗೌಡರು ತಮ್ಮ ಎಲೆಯ ಹಪ್ಪಳ ಎತ್ತಿ ನನ್ನ ಎಲೆಗೆ ಇಟ್ಟು, "ಉಣ್ಣು, ಒಟ್ಟೆ ತುಂಬ ಉಣ್ಣು" ಎಂದರು. ಅಲ್ಲಿಗೆ ನನ್ನಿಂದಾಗಲಿಲ್ಲ. ಕಲಸಿದ ಅನ್ನದ ಮೇಲೆ ಕೈಯಿಟ್ಟುಕೊಂಡೇ ಅತ್ತುಬಿಟ್ಟೆ.

"ಹೇಳ್ಬುಡಿ ಗೌಡ್ರೇ. ಸಾವಿತ್ರಿ ಓಗ್ಬುಟ್ಲಾ?"

ಅವರು ಬಾಯಿಗೆತ್ತಿದ ತುತ್ತು ಹಾಗೇ ನಿಂತಿತು. "ಲೇ! ಬುಡ್ತು ಅನ್ಲಾ! ಯಾರಂದೋರು ನಿಂಗೆ?"

"ಮತ್ಯಾಕೆ ಲಾಡ್ಜಿಗೆ ಕರ್ಕಂಡೋಗ್ತಿಲ್ಲ? ಯಾಕಿಂಗೆ ತಿನ್ನುಸ್ತಾ ಇದ್ದೀರಿ?"

ಗೌಡರು ತುತ್ತನ್ನು ಎಲೆಗೆ ಇಳಿಸಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ದಾರಿ ತಪ್ಬುಡ್ತು ಕಣ್ಲಾ. ಆಗ್ಲಿಂದ್ಲೂ ಉಡುಕ್ತಾ ಇವ್ನಿ, ಆ ಲಾಡ್ಜು ಸಿಕ್ತಾನೇ ಇಲ್ಲ" ಎಂದರು.

ನನಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ನಾಗಮಂಗಲದ ಸಂತೆಯ ಬೋಂಡ ಆಗ ನೆನಪಾಯಿತು. ಗೌಡರು ಅರ್ಧ ಊಟದಲ್ಲಿ ಎದ್ದರು. ಎಂಜಲು ಕೈಯಲ್ಲೇ ಗಲ್ಲಾದ ಮುಂದೆ ನಿಂತು, ಇನ್ನೊಂದು ಕೈ ಎದೆಗಿಟ್ಟುಕೊಂಡು, ಲಾಡ್ಜಿನ ಹೆಸರು ಹೇಳಿ, "ದಾರಿ ಯಾವ ಕಡೆ ಸ್ವಾಮಿ? ಈ ಉಡ್ಗನ ಎಂಡ್ರು ಆಸ್ಪತ್ರೇಲವ್ಳೆ" ಎಂದು ಬೇಡಿಕೊಂಡರು. ಅವರು ದಾರಿ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಲಾಡ್ಜಿಗೆ ಏದುಸಿರು ಬಿಡುತ್ತಾ ಓಡಿಬಂದೆವು. ಫೋನು ಬಂದು ಹೋಗಿತ್ತು. ಕೌಂಟರಿನವನು ತಮಿಳಿನಲ್ಲಿ ಏನೋ ಹೇಳಿದ, ನಮಗೆ ತಿಳಿಯಲಿಲ್ಲ. ಅವನು ನಕ್ಕು, ಎರಡೂ ತೋಳು ಮಡಚಿ ಮಗು ತೂಗಿ ತೋರಿಸಿದ. ಕಿವಿಗೆ ಓಲೆ ಇಟ್ಟಂತೆ ಮಾಡಿ ಹೆಣ್ಣೆಂದು ತೋರಿಸಿದ. ತಾಯಿ ಎಂದು ನಾನು ಕೂಗಿ ಕೇಳಿದಾಗ, "ನಲ್ಲಾ ಇರುಕ್ಕಾಂಗ" ಎಂದ. ಚೆನ್ನಾಗಿದ್ದಾರೆ ಎನ್ನುವುದು ಅವನ ಮುಖದಲ್ಲೇ ತಿಳಿಯಿತು. ಗೌಡರು ಮೆಟ್ಟಿಲ ಮೇಲೆ ಕುಸಿದು ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಟವೆಲ್ಲಿನ ಒಳಗಿನಿಂದಲೇ ದನಿ ಬಂತು: "ದಾರಿ ಕೇಳುದ್ದ ಅಂಗ್ಡೀಲಿ ಯಾರ್ಗೂ ಏಳ್ಬ್ಯಾಡ ಕಣ್ಲಾ." ನಾನು ಹೇಳಲಿಲ್ಲ.

ಮಗಳಿಗೆ ನಾವು ಯಾವ ಹೆಸರಿಟ್ಟರೂ ಗೌಡರಿಗೆ ಅವಳು 'ಕೊಯಮತ್ತೂರಮ್ಮ'ನೇ. ಬಂದಾಗಲೆಲ್ಲ ಅವಳನ್ನು ಎತ್ತಿಕೊಂಡು ಬೀದಿ ಸುತ್ತಿ, ತಡವಾಗಿ ಮನೆಗೆ ಬರುತ್ತಿದ್ದರು. ಸಾವಿತ್ರಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಮಗಳು ಸ್ಕೂಲಿಗೆ ಸೇರಿದ ವರ್ಷ, ಒಂದು ಬೆಳಿಗ್ಗೆ ಅಂಗಡಿಗೆ ಗೌಡರ ಮಗನ ಫೋನು ಬಂತು. "ಅಣ್ಣಾ, ಅಪ್ಪಂಗೆ ವಸಿ ಉಸಾರಿಲ್ಲ. ಊಟ ಮಾಡ್ಕಂಡೇ ಬಂದ್ಬುಡಿ" ಎಂದ. ಫೋನಿಟ್ಟು ಬಸ್ಸು ಹತ್ತಿದೆ.

ಪಾಲಹಳ್ಳಿಯಲ್ಲಿ ಬಸ್ಸಿಳಿದೆ. ಗೌಡರ ಮನೆ ನನಗೆ ಚೆನ್ನಾಗಿ ಗೊತ್ತು. ಆದರೂ ಬೀದಿಯ ಮೊದಲ ಮನೆಯ ಜಗಲಿಯ ಮೇಲೆ ಕೂತಿದ್ದ ಮುದುಕರೊಬ್ಬರ ಮುಂದೆ ನಿಂತು, ಬೋರೇಗೌಡರ ಮನೆಗೆ ದಾರಿ ಯಾವುದು ಎಂದು ಕೇಳಿದೆ. ಗೌಡರು ಗದ್ದೆ ಕಡೆ ಹೋದರು, ಈಗ ಬರುತ್ತಾರೆ ಕೂತಿರು ಅನ್ನಲಿ ಎಂಬ ಆಸೆ. ಅವರು ನನ್ನ ಮುಖ ನೋಡಿದರು. ದಾರಿ ತೋರಿಸಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು ಕೇಳಿದರು:

"ಊಟ ಆಯ್ತೇನಪ್ಪಾ?"