ಅತ್ತೆಯ ಅಸರ್ ನಮಾಜು

ಮದುವೆಯಾಗಿ ಕೋಲಾರದಿಂದ ಹೋಳೂರಿಗೆ ಬಂದಾಗ ಐದು ಹೊತ್ತಿನ ನಮಾಜು ನನಗೆ ಅಷ್ಟಕ್ಕಷ್ಟೇ. ಬೆಳಗಿನ ಫಜರ್‌ಗೆ ಏಳುವುದೆಂದರೆ ಜೀವ ಹೋದಂತಾಗುತ್ತಿತ್ತು. ಎಂಬತ್ತರ ದಶಕದ ಶುರುವಿನ ಮಾತು ಇದು. ಒಮ್ಮೆ ತವರಿಗೆ ಹೋಗಿದ್ದಾಗ, ನಮ್ಮ ಬೀದಿಯ ಹೆಂಗಸರಿಗೆ ಕುರಾನ್ ಹೇಳಿಕೊಡುತ್ತಿದ್ದ ಉಸ್ತಾನಿ ನನ್ನ ಕೈಗೊಂದು ತಸ್ಬೀ ಮಣಿಸರ ಕೊಟ್ಟರು. "ಸ್ವಲ್ಪವೇ ಆಗ್ಲಿ, ದಿನಾ ಬಿಡದೆ ಮಾಡಮ್ಮ. ನಮಾಜು ಮುಗಿದ ತಕ್ಷಣ ಏಳ್ಬೇಡ, ಕೂತು ಅಲ್ಲಾಹನ್ನ ನೆನೆ" ಅಂದರು. ಆ ಮಾತು ನಾಟಿತು. ಮೊದಲ ವಾರ ಮರೆತೆ, ಎರಡನೇ ವಾರ ತೂಕಡಿಸಿದೆ, ಒಂದು ತಿಂಗಳಲ್ಲಿ ಅಭ್ಯಾಸ ಕೂತೇಬಿಟ್ಟಿತು. ಜೊತೆಗೆ ಜಂಬವೂ ಬಂತು. ಊರಲ್ಲಿ ನನ್ನಂಥ ದೀನ್‌ದಾರ್, ಧರ್ಮನಿಷ್ಠೆಯ ಸೊಸೆ ಇನ್ನೊಬ್ಬಳಿಲ್ಲ ಅಂದುಕೊಂಡೆ.

ಅತ್ತೆ ಮುಳಬಾಗಿಲು ಕಡೆಯವರು. ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ, ಮೊಣಕಾಲು ಹಿಡಿದುಕೊಂಡಿತ್ತು. ಜಗಲಿಯ ಮೇಲೆ ಕೂತೇ ನಮಾಜು ಮಾಡುತ್ತಿದ್ದರು. ಮಸೀದಿ ಊರಿನ ಆ ತುದಿಗೆ, ಅದಕ್ಕೆ ಮೈಕಿಲ್ಲ, ಅಜಾನ್ ನಮ್ಮನೆವರೆಗೆ ಬರುತ್ತಿರಲಿಲ್ಲ. ನನ್ನ ಗಂಡ ಶ್ರೀನಿವಾಸಪುರದ ಟೈಲರ್ ಅಂಗಡಿಗೆ ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೇ ಬರುವುದು. ಹೀಗಾಗಿ ಗಡಿಯಾರ ನೋಡಿ ಹೊತ್ತು ಹೇಳುವವಳೂ ನಾನೇ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದುಕೊಳ್ಳುವ ವುಜೂಗೆ ನೀರು ಕೊಡುವವಳೂ ನಾನೇ. ಬೋರ್‌ವೆಲ್‌ನಿಂದ ಹೊತ್ತು ತಂದು, ಬೆಚ್ಚಗೆ ಮಾಡಿ, ಅವರ ಕೈಕಾಲಿಗೆ ಚೆಂಬಿನಿಂದ ಹಾಕಿ ಒರೆಸಬೇಕು. ವಯಸ್ಸಾದ ಮೈ, ಒಂದು ವುಜೂ ಮುಂದಿನ ನಮಾಜಿನವರೆಗೆ ನಿಲ್ಲುತ್ತಿರಲಿಲ್ಲ. ಸಂಜೆಯ ಅಸರ್ ನಮಾಜು ಮುಗಿಸಿ ನಾನು ತಸ್ಬೀ ಹಿಡಿದು ಕೂರಬೇಕು ಅನ್ನುವಷ್ಟರಲ್ಲಿ ಜಗಲಿಯಿಂದ ಕೂಗು: "ಬೇಟೀ, ಅಸರ್ ಆಯ್ತಾ?" ನನಗೆ ಮೈ ಉರಿಯುತ್ತಿತ್ತು.

ಆ ಚಳಿಗಾಲದಲ್ಲಿ ಒಂದು ಉಪಾಯ ಮಾಡಿದೆ. ಮಧ್ಯಾಹ್ನದ ಜೊಹರ್‌ ನಮಾಜಿಗೆ ಅವರನ್ನು ಎರಡೂವರೆವರೆಗೆ ಕಾಯಿಸಿದೆ. ಒಲೆ ಇನ್ನೂ ಉರಿಯುತ್ತಿತ್ತು, ನೀರು ಬಿಸಿಯಾಗಿತ್ತು. ಅದೇ ನೀರಲ್ಲಿ ಅವರ ಅಸರನ್ನೂ ಮುಗಿಸಿಬಿಟ್ಟರೆ ಸಂಜೆಯೆಲ್ಲ ನನ್ನದು. ಅಸರ್‌ಗೆ ಇನ್ನೂ ಒಂದು ಗಂಟೆ ಇರುವಾಗಲೇ, ಮೂರು ಗಂಟೆಗೆಲ್ಲ ಚೆಂಬು ಹಿಡಿದು ಹೋಗಿ "ಅಸರ್ ಆಯ್ತಮ್ಮಾ" ಅಂದೆ.

"ಇಷ್ಟು ಬೇಗನಾ?"

"ಚಳಿಗಾಲ ಅಲ್ವಾ, ಹೊತ್ತು ಬೇಗ ಹೋಗ್ತದೆ."

ಹೊತ್ತಿಗೆ ಮುಂಚೆ ಮಾಡಿದ ನಮಾಜು ಸಲ್ಲುವುದಿಲ್ಲ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಅವರು ಕೈ ಚಾಚಿದರು. ಮರುದಿನವೂ ಹಾಗೇ ಮಾಡಿದೆ, ಅದರ ಮರುದಿನವೂ. ನನ್ನ ಅಸರ್ ಮಾತ್ರ ಸರಿಯಾದ ಹೊತ್ತಿಗೆ, ಆಮೇಲೆ ಬಾಗಿಲು ಮುಚ್ಚಿಕೊಂಡು, ಮಣಿ ಎಣಿಸುತ್ತ ಅಲ್ಲಾಹನನ್ನು ನೆನೆಯುವ ಜಿಕ್ರ್. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎರಡು ತಿಂಗಳು ಕಳೆದಿರಬೇಕು. ಒಂದು ಸಂಜೆ ಜಿಕ್ರ್ ಮಧ್ಯೆ ಒಲೆ ಮೇಲಿಟ್ಟ ಹಾಲು ನೆನಪಾಗಿ ದಡಬಡ ಎದ್ದು ಬಂದೆ. ನನ್ನ ಧ್ಯಾನದ ಆಳ ಅಷ್ಟಿತ್ತು. ತೆರೆದ ಮುಂಬಾಗಿಲಿನಿಂದ ಜಗಲಿ ಕಾಣುತ್ತಿತ್ತು. ಪಕ್ಕದ ಮನೆಯ ರೈತರ ಹೆಂಗಸು ಹಾಲಿನ ಕ್ಯಾನು ಹಿಡಿದು ಬೀದಿಯಲ್ಲಿ ನಿಂತಿದ್ದಳು.

"ಅಜ್ಜೀ, ಡೈರಿಗೆ ಹೊರಟೆ ಕಣಜ್ಜಿ."

"ಚಲ್ಲಗಾ ಉಂಡಮ್ಮಾ" ಎಂದು ಅತ್ತೆ ಅವಳನ್ನು ತೆಲುಗಲ್ಲಿ ಹರಸಿದರು. ಆಮೇಲೆ ಹಿಂದಕ್ಕೆ ತಿರುಗಿ ಮಣ್ಣಿನ ಗೋಡೆಯನ್ನು ತಡವಿದರು. ಎರಡೂ ಅಂಗೈ ಗೋಡೆಗೆ ಒತ್ತಿ ಮುಖ ಸವರಿಕೊಂಡರು, ಮತ್ತೆ ಒತ್ತಿ ಮೊಣಕೈವರೆಗೆ ಸವರಿಕೊಂಡರು. ನೀರು ಸಿಗದವರು ಮಣ್ಣಿನಿಂದ ಮಾಡಿಕೊಳ್ಳುವ ತಯಮ್ಮುಮ್ ಅದು. ಕೂತಲ್ಲೇ ಕೈ ಎತ್ತಿ ಅಸರ್ ಶುರು ಮಾಡಿದರು.

ನಾನು ಹಿತ್ತಲಿನಿಂದ ಓಡಿ ಆ ಹೆಂಗಸನ್ನು ತಡೆದು ಕೇಳಿದೆ, ಇದು ಎಷ್ಟು ದಿನದಿಂದ ಎಂದು.

"ಎರಡ್ ತಿಂಗಳಾಯ್ತೇನೋ. ಹಾಲಿಗೆ ಹೋಗೋವಾಗ ಒಂದ್ ಕೂಗು ಹಾಕಮ್ಮ, ನಮಾಜಿನ ಹೊತ್ತು ಗೊತ್ತಾಗ್ತದೆ ಅಂದ್ರು. ಸೊಸೆಗೆ ಕೆಲಸ ಜಾಸ್ತಿ, ಅವಳನ್ನ ಕೇಳಕ್ಕೆ ಸಂಕೋಚ ಅಂದ್ರು."

ಅಂದರೆ ಮೊದಲ ದಿನದಿಂದಲೇ. ನಾನು ಸುಳ್ಳು ಹೇಳಿ ಮಾಡಿಸಿದ ನಮಾಜನ್ನು ಅತ್ತೆ ನನ್ನ ಮರ್ಯಾದೆ ಉಳಿಸಲು ಮಾಡಿ, ನಿಜವಾದದ್ದನ್ನು ಆಮೇಲೆ ಒಬ್ಬರೇ ಮಾಡಿಕೊಳ್ಳುತ್ತಿದ್ದರು. ಕೈಲಾಗದವರಿಗೆ ನೀರು ಕೊಡುವವರು ಮನೆಯಲ್ಲಿದ್ದರೆ ತಯಮ್ಮುಮ್ ಆಗದು, ಯಾರೂ ಇಲ್ಲದಿದ್ದರೆ ಆದೀತು ಎಂದು ನಾನು ಕಲಿತಿದ್ದೆ. ಅತ್ತೆಯೂ ಬಲ್ಲರು. ದಿನಾ ಸಂಜೆ ಅವರು ಅಲ್ಲಾಹನ ಮುಂದೆ ಯಾರೂ ಇಲ್ಲದವರ ಹಾಗೆ ಕೂತಿದ್ದರು. ಗೋಡೆಯಾಚೆ ನಾನು ಮಣಿ ಎಣಿಸುತ್ತಿದ್ದೆ.

ಮರುದಿನ ಸರಿಯಾದ ಹೊತ್ತಿಗೆ ನೀರು ತಂದು ಅವರ ಕಾಲ ಹತ್ತಿರ ಕೂತೆ. "ಇಷ್ಟು ದಿನ ಸುಳ್ಳು ಹೇಳ್ದೆ ಅಮ್ಮಾ, ಮಾಫ್ ಮಾಡಿ" ಅಂದೆ. ಅವರು ತಡವಿ ನನ್ನ ತಲೆಯ ಮೇಲೆ ಕೈಯಿಟ್ಟು "ಬಿಡು ಬೇಟೀ, ಮಾಫ್ ಮಾಡ್ದೆ" ಅಂದರು. ವುಜೂ ಮಾಡಿಸಿ ಒರೆಸಿದೆ. ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು.

"ಶುರು ಮಾಡಿ ಅಮ್ಮಾ, ಹೊತ್ತಾಗಿದೆ" ಅಂದೆ.

"ಹ್ಞೂಂ" ಅಂದರು, ಅಷ್ಟೆ. ಮುಖ ಬೀದಿಯ ಕಡೆಗಿತ್ತು. ಬಹಳ ಹೊತ್ತಾದ ಮೇಲೆ ಹಾಲಿನ ಹೆಂಗಸು ಕೂಗಿದಳು. ಆಗ ಕೈ ಎತ್ತಿದರು.

ಅತ್ತೆ ಇನ್ನೂ ನಾಲ್ಕು ವರ್ಷ ಇದ್ದರು. ಒಂದು ದಿನವೂ ನಾನು ನೀರು ತಪ್ಪಿಸಲಿಲ್ಲ. ಒಂದು ದಿನವೂ ಅವರು ನನ್ನ ಮಾತಿನ ಮೇಲೆ ಅಸರ್ ಶುರು ಮಾಡಲಿಲ್ಲ.