ಹಿಪ್ಪುನೇರಳೆ ಎಲೆಯ ಸಿಂಪಿಗ

ಬೈರಾಪಟ್ಟಣದ ನಮ್ಮ ಮನೆಯಲ್ಲಿ ನನ್ನ ಹೊಲಿಗೆ ಯಂತ್ರ ಹಿತ್ತಿಲ ಕಿಟಕಿಗೆ ಎದುರಾಗಿದೆ. ಬೆಳಕು ಅಲ್ಲೇ ಚೆನ್ನಾಗಿ ಬೀಳುತ್ತದೆ ಎನ್ನುವುದಷ್ಟೇ ಕಾರಣ. ಹಕ್ಕಿ ನೋಡಬೇಕು ಅಂತ ನಾನು ಅಲ್ಲಿ ಕೂತವಳಲ್ಲ. ಕಿಟಕಿಯಾಚೆ ಒಗೆಯುವ ಕಲ್ಲು, ಒಂದು ಸೀಬೆ ಗಿಡ, ಕರಿಬೇವು, ಆಮೇಲೆ ತಂತಿ ಬೇಲಿ. ಬೇಲಿಗೆ ಅಂಟಿಕೊಂಡಂತೆ ಪಕ್ಕದ ಮನೆಯವರ ಹಿಪ್ಪುನೇರಳೆ ತೋಟ. ಅವರು ರೇಷ್ಮೆ ಹುಳ ಸಾಕುತ್ತಾರೆ. ಆ ಮನೆಯ ಯಜಮಾನಿಯನ್ನು ನಾನು ಅಕ್ಕ ಎಂದೇ ಕರೆಯುವುದು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಮಾತು ಒಸಿ ಜೋರು.

ಶ್ರಾವಣ ಶುರುವಾಗಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸ್ ಹೊಲಿಸುವವರ ಬಟ್ಟೆಗಳು ಮಂಚದ ಮೇಲೆ ಗುಡ್ಡೆ ಬಿದ್ದಿದ್ದವು. ದಿನಾ ಸಂಜೆ ದಾರದ ತುಂಡುಗಳನ್ನೆಲ್ಲ ಗುಡಿಸಿ ಹಿತ್ತಿಲ ಮೆಟ್ಟಿಲ ಪಕ್ಕಕ್ಕೆ ತಳ್ಳುವುದು ನನ್ನ ಅಭ್ಯಾಸ. ಒಂದು ಬೆಳಿಗ್ಗೆ ಆ ಕಸದ ಮೇಲೆ ಒಂದು ಪುಟ್ಟ ಹಕ್ಕಿ ಬಂದು ಕೂತಿತು. ಬೆನ್ನು ಎಳೆ ಹಸಿರು, ನೆತ್ತಿ ಇಟ್ಟಿಗೆ ಬಣ್ಣ, ಬಾಲ ನೆಟ್ಟಗೆ ಆಕಾಶಕ್ಕೆ. ಅದರ ಕೂಗನ್ನು ವರ್ಷಗಳಿಂದ ಕೇಳಿದ್ದೆ, ಟುವ್ವಿ ಟುವ್ವಿ ಎಂದು ಕಿವಿ ತೂತಾಗುವಷ್ಟು. ಅಷ್ಟು ದೊಡ್ಡ ಸದ್ದು ಇಷ್ಟು ಸಣ್ಣ ದೇಹದಿಂದ ಬರುತ್ತಿತ್ತೆಂದು ಅವತ್ತೇ ಗೊತ್ತಾದದ್ದು. ಅದು ಒಂದು ಕೆಂಪು ದಾರ ಆರಿಸಿ, ಕೊಕ್ಕಿನಲ್ಲಿ ಕಚ್ಚಿಕೊಂಡು ಬೇಲಿಯಾಚೆಗೆ ಹಾರಿತು.

ದಾರ ತಗೊಂಡು ಹೋಗಿ ಏನು ಮಾಡುತ್ತದೆ? ತೋಳು ಕೂಡಿಸುತ್ತಿದ್ದ ಬ್ಲೌಸನ್ನು ಹಾಗೇ ಬಿಟ್ಟು ಬೇಲಿಯ ಹತ್ತಿರ ಹೋದೆ.

ಬೇಲಿಗೆ ಹತ್ತಿರದ ಸಾಲಿನ ಒಂದು ಹಿಪ್ಪುನೇರಳೆ ಗಿಡದಲ್ಲಿ ಅಂಗೈಗಿಂತ ಅಗಲದ ಎಲೆಯೊಂದು ಪೊಟ್ಟಣದಂತೆ ಸುತ್ತಿಕೊಂಡಿತ್ತು. ಹಕ್ಕಿ ಅದರ ಅಂಚಿನಲ್ಲಿ ತಲೆಕೆಳಗಾಗಿ ಜೋತು ಕೊಕ್ಕಿನಿಂದ ಚುಚ್ಚುತ್ತಿತ್ತು. ನೋಡುತ್ತಿದ್ದಂತೆಯೇ ನನ್ನ ಕೆಂಪು ದಾರ ಅದರ ಕಾಲಿಗೆ ಸುತ್ತಿಕೊಂಡಿತು. ಹಕ್ಕಿ ಎಳೆಯಿತು, ದಾರ ಬಿಗಿಯಿತು. ಒಂದು ಕಾಲು ಸಿಕ್ಕಿಕೊಂಡು ಗಾಳಿಯಲ್ಲಿ ಪಟಪಟನೆ ಬಡಿದಾಡಿತು. ನಾನು ತಂತಿಯ ನಡುವೆ ಕೈ ತೂರಿಸುವಷ್ಟರಲ್ಲಿ ಹೇಗೋ ಬಿಡಿಸಿಕೊಂಡು ಹಾರಿಹೋಯಿತು. ಪಾಲಿಯೆಸ್ಟರ್ ದಾರ ಅದು, ನಾನೇ ಹಲ್ಲಲ್ಲಿ ಕಚ್ಚಿದರೂ ಸುಲಭಕ್ಕೆ ಹರಿಯುವುದಿಲ್ಲ. ಅವತ್ತೇ ಮೆಟ್ಟಿಲ ಪಕ್ಕದ ಕಸವನ್ನೆಲ್ಲ ಎತ್ತಿ ಚೀಲಕ್ಕೆ ತುಂಬಿದೆ. ಬದಲಿಗೆ ಹತ್ತಿಯನ್ನು ಸಣ್ಣಗೆ ಹಿಂಜಿ ತೆಂಗಿನ ಚಿಪ್ಪಿನಲ್ಲಿಟ್ಟು ಬೇಲಿಯ ಕಂಬಕ್ಕೆ ಕಟ್ಟಿದೆ. ಹಕ್ಕಿ ಅದನ್ನು ಮೂಸಿಯೂ ನೋಡಲಿಲ್ಲ. ಆದರೂ ಹೊಲಿಗೆ ಮುಂದುವರಿದಿತ್ತು. ಎಲ್ಲಿಂದಲೋ ಬೆಳ್ಳನೆಯ, ಹೊಳೆಯುವ ನಾರು ತರುತ್ತಿತ್ತು.

ಹಕ್ಕಿ ಇಲ್ಲದ ಹೊತ್ತು ನೋಡಿ ಎಲೆಗೆ ಕಣ್ಣು ಹತ್ತಿರ ಇಟ್ಟೆ. ಹದಿನೆಂಟು ವರ್ಷದಿಂದ ಹೊಲಿಯುತ್ತಿರುವವಳು ನಾನು. ಗಂಟು ಹಾಕದೆ ದಾರ ಬಿಟ್ಟರೆ ಮೊದಲ ಒಗೆತಕ್ಕೇ ಗಿರಾಕಿ ವಾಪಸ್ ಬರುತ್ತಾರೆ. ಇಲ್ಲಿ ಒಂದೇ ಒಂದು ಗಂಟಿಲ್ಲ! ಒಂದೊಂದು ತೂತಿಗೂ ಬೇರೆ ಬೇರೆ ಎಳೆ. ತೂತಿನಿಂದ ಹೊರಬಂದ ತುದಿಯನ್ನು ಹಿಂಜಿ, ಬತ್ತಿಯ ತಲೆಯಂತೆ ಉಬ್ಬಿಸಿಬಿಟ್ಟಿತ್ತು. ಅದು ಹಿಂದಕ್ಕೆ ಜಾರುವುದಿಲ್ಲ. ಒಟ್ಟು ಹದಿನಾಲ್ಕು ಹೊಲಿಗೆ ಎಣಿಸಿದೆ. ಎಲೆ ಎಲ್ಲೂ ಹರಿದಿರಲಿಲ್ಲ, ಹಸಿರಾಗಿಯೇ ಇತ್ತು. ಇದನ್ನು ಇದಕ್ಕೆ ಯಾರು ಕಲಿಸಿದರು ಎಂದು ಯೋಚಿಸುತ್ತಾ ಬಂದು ಕೂತವಳು ತೋಳನ್ನು ತಿರುವುಮುರುವಾಗಿ ಕೂಡಿಸಿ ಮತ್ತೆ ಬಿಚ್ಚಬೇಕಾಯಿತು.

ಆ ಗಿಡಗಳೆಲ್ಲ ಹುಳಕ್ಕೆ ಸೊಪ್ಪಾಗಿ ಹೋಗುವಂಥವು. ಮಾರನೆಯ ದಿನ ಅಕ್ಕ ಕುಡುಗೋಲು ಹಿಡಿದು ಬಂದಾಗ ಬೇಲಿಯಿಂದಲೇ ಕೇಳಿದೆ.

"ಅಕ್ಕಾ, ಈ ಗಿಡ ಒಂದ ಮಾತ್ರ ಕುಯ್ಬ್ಯಾಡ ಕಣಕ್ಕ."

"ಅದ್ಯಾಕವ್ವ? ಈಗ ತಾನೆ ಚಾಕಿ ಹುಳ ತಂದಿವ್ನಿ, ಎಳೇ ಮರಿಗಳು. ಇನ್ನ ಹದಿನೈದು ದಿನ ಹೋದ್ರೆ ಎಂಗೆ ತಿಂತವೆ ಗೊತ್ತೇನು? ಮಳೆ ಸುರಿದಂಗೆ ಸದ್ದು ಬತ್ತದೆ. ಒಂದೊಂದು ಎಲೆನೂ ಬೇಕು."

"ಒಸಿ ಬಗ್ಗಿ ನೋಡು ಇಲ್ಲಿ."

ಅಕ್ಕ ಬಗ್ಗಿದರು. ಆಮೇಲೆ ಬೆರಳ ತುದಿಯಿಂದ ಒಂದು ಹೊಲಿಗೆಯನ್ನು ಮುಟ್ಟಿದರು.

"ಲೇ ಇವಳ! ಇದು ನನ್ನ ರೇಷ್ಮೆ ಕಣವ್ವ!"

ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ಅವರ ಗೋಡೆಗೆ ಒರಗಿದ್ದವು. ಹಿಂದಿನ ಬೆಳೆಯ ಗೂಡು ಬಿಡಿಸಿದ ಮೇಲೆ ಅವುಗಳಲ್ಲಿ ಸಿಕ್ಕಿಕೊಂಡು ಉಳಿದ ನಾರನ್ನೇ ಹಕ್ಕಿ ಕಿತ್ತು ತಂದಿತ್ತು. ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಕ್ಕರು. "ಕಳ್ಳಿ ಇವಳು. ಇರ್ಲಿ ಬುಡು. ನಮ್ಮ ತೋಟಕ್ಕೆ ಔಸ್ದಿ ಹೊಡೆಯಂಗಿಲ್ಲ, ಹೊಡುದ್ರೆ ಹುಳ ಸತ್ತೋಯ್ತವೆ. ಅದುಕ್ಕೇ ಇವೆಲ್ಲ ಇಲ್ಲಿಗೇ ಬರಾದು ಅಂತ ಕಾಣ್ತದೆ." ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋದರು.

ಕೆಲವು ದಿನಕ್ಕೆ ಹಕ್ಕಿ ಆ ಎಲೆಯೊಳಗೆ ಗೂಡು ಮಾಡಿ ಕಾವಿಗೆ ಕೂತಿತು. ಗೂಡಿಗೆ ಹತ್ತಿರ ಹೋಗಿ ಕಾಡಿಸಬಾರದು ಅನ್ನುವುದು ನನಗೂ ಗೊತ್ತಿತ್ತು. ಆದರೆ ಕುತೂಹಲ ತಡೆಯಲಾಗಲಿಲ್ಲ. ಅಳತೆ ಕೋಲಿನ ತುದಿಗೆ ಸಣ್ಣ ಕನ್ನಡಿಯೊಂದನ್ನು ಕಟ್ಟಿ, ಬೇಲಿಯ ಈಚೆಯಿಂದಲೇ ಗೂಡಿನ ಮೇಲೆ ಹಿಡಿದೆ. ನಾಲ್ಕು ಮೊಟ್ಟೆ. ತಿಳಿ ನೀಲಿಯ ಮೇಲೆ ಕಂದು ಚುಕ್ಕೆ. ಒಂದು ಮಾತ್ರ ಮಿಕ್ಕವಕ್ಕಿಂತ ಸ್ವಲ್ಪ ದಪ್ಪ ಕಂಡಿತು. ಕನ್ನಡಿ ವಾರೆಯಾಗಿದೆ ಎಂದುಕೊಂಡೆ. ಆ ದಿನಗಳಲ್ಲಿ ಬೂದು ಬಣ್ಣದ ಒಂದು ಹಕ್ಕಿ ಕರೆಂಟ್ ತಂತಿಯ ಮೇಲೆ ಕೂತು ಎಳೆದೆಳೆದು ಸಿಳ್ಳೆ ಹಾಕುತ್ತಿತ್ತು. ಅದನ್ನು ಕಂಡರೆ ನಮ್ಮ ಟುವ್ವಿ, ಅದರ ಜೋಡಿ ಎರಡೂ ಮೈಮೇಲೆ ಬಂದಂತೆ ಕಿರುಚಿ ಓಡಿಸುತ್ತಿದ್ದವು. ಇಷ್ಟು ಚೆಂದ ಹಾಡುವ ಹಕ್ಕಿಯ ಮೇಲೆ ಇವಕ್ಕೇನು ದ್ವೇಷ ಎಂದು ನನಗೆ ಅರ್ಥವಾಗಿರಲಿಲ್ಲ.

ಹುಳ ನಾಲ್ಕನೇ ಜ್ವರದಿಂದ ಎದ್ದವು. ಪೊರೆ ಬಿಡುವಾಗ ಹುಳ ಮೇವು ಬಿಟ್ಟು ಸುಮ್ಮನೆ ಮಲಗುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವುಗಳ ಹಸಿವಿಗೆ ಲೆಕ್ಕವಿಲ್ಲ. ಕೊನೆಯ ಎರಡು ದಿನಕ್ಕೆ ಅಕ್ಕನಿಗೆ ಸೊಪ್ಪು ಸಾಲದಾಯಿತು. ಬೇಲಿಯ ಸಾಲನ್ನೂ ಕುಯ್ದರು. ಮಾತು ಕೊಟ್ಟಂತೆ ಗೂಡಿನ ಕೊಂಬೆಯನ್ನು ಮಾತ್ರ ಉಳಿಸಿ, ಅದು ಬಾಗದಂತೆ ನನ್ನ ಹತ್ತಿರ ಲೈನಿಂಗ್ ಬಟ್ಟೆಯ ಪಟ್ಟಿ ಈಸಿಕೊಂಡು ಬೇಲಿ ಕಂಬಕ್ಕೆ ಕಟ್ಟಿದರು. ಆದರೆ ಸುತ್ತಲಿನ ಮರೆಯೆಲ್ಲ ಹೋಗಿ ಗೂಡು ಬಟಾಬಯಲಲ್ಲಿ ನಿಂತಿತು. ಕಾಗೆಗೂ ಕಾಣುತ್ತದೆ, ಬೆಕ್ಕಿಗೂ ಕಾಣುತ್ತದೆ. ನಾವಿಬ್ಬರೂ ಎರಡು ತೆಂಗಿನ ಗರಿ ತಂದು ಬೇಲಿಗೆ ಒರಗಿಸಿದೆವು. ಹಕ್ಕಿಗಳು ಸೀಬೆ ಗಿಡದಲ್ಲಿ ಕೂತು ಆ ಗರಿಗಳನ್ನೇ ಬೈದವು. ಒಂದು ಗಂಟೆಯ ಮೇಲಾಯಿತು, ಗೂಡಿಗೆ ಹೋಗಲೇ ಇಲ್ಲ. ನಾನು ಯಂತ್ರದ ಮುಂದೆ ಕೂತಿದ್ದೆ, ಕಾಲು ತುಳಿಯುತ್ತಿರಲಿಲ್ಲ. ಕಡೆಗೆ ಹೆಣ್ಣು ಹಕ್ಕಿ ಗರಿಯ ಮೇಲೆ ಇಳಿದು, ಅತ್ತಿತ್ತ ನೋಡಿ ಸರಕ್ಕನೆ ಒಳಗೆ ಹೋಯಿತು.

ನಾಲ್ಕು ದಿನದ ಮೇಲೆ ಮತ್ತೆ ಕನ್ನಡಿ ಹಿಡಿದೆ. ಗೂಡಿನಲ್ಲಿದ್ದದ್ದು ಒಂದೇ ಮರಿ. ಕೆಳಗೆ ಒಡೆದ ಮೊಟ್ಟೆ, ಇರುವೆ ಮುತ್ತಿದ ಪುಕ್ಕವಿಲ್ಲದ ಮಾಂಸದ ಚೂರು. ನಾವು ಮರೆ ತೆಗೆದದ್ದರಿಂದಲೇ ಹೀಗಾಯಿತು, ನನ್ನ ಕನ್ನಡಿಯಿಂದಲೇ ಆಯಿತು ಎಂದುಕೊಂಡೆ. ಅಕ್ಕನೂ ಪೆಚ್ಚಾದರು. "ನಾಕು ಹಿಡಿ ಸೊಪ್ಪಿಗೆ ಹಿಂಗಾಗೋಯ್ತಲ್ಲವ್ವ" ಎಂದರು. ಕನ್ನಡಿಯನ್ನು ಬಿಚ್ಚಿಟ್ಟೆ.

ಉಳಿದ ಒಂದು ಮರಿ ಮಾತ್ರ ಹಿಟ್ಟಿನಂತೆ ಉಬ್ಬಿತು. ವಾರಕ್ಕೇ ಗೂಡು ತುಂಬಿತು, ಹತ್ತು ದಿನಕ್ಕೆ ಗೂಡಿನಿಂದ ಹೊರಗೆ ಉಕ್ಕಿತು. ಬ್ಲೌಸ್ ಕೇಳಲು ಬಂದ ಹೆಂಗಸೊಬ್ಬರು ಕಿಟಕಿಯಿಂದ ನೋಡಿ, "ಅದೇನ್ರೀ, ಮರಿ ಅವರಮ್ಮನ್ನೇ ನುಂಗಂಗೈತೆ" ಎಂದರು. ಬ್ಲೌಸ್ ಮರೆತು ಅವರೂ ಅರ್ಧ ಗಂಟೆ ನಿಂತರು. ಅವರು ಹೋದ ಮೇಲೆ ಫೋನಿನಲ್ಲಿ ಹುಡುಕಿದೆ. ಮರಿಯನ್ನೇ ಹೋಲುವ ಚಿತ್ರ ಸಿಕ್ಕಿತು, ಪಕ್ಕದಲ್ಲೇ ಅದರ ತಾಯಿಯದೂ. ತಂತಿಯ ಮೇಲೆ ಸಿಳ್ಳೆ ಹಾಕುತ್ತಿದ್ದ ಆ ಬೂದು ಹಕ್ಕಿ ಕೋಗಿಲೆಯ ಜಾತಿಯದಂತೆ. ಟುವ್ವಿಯ ಗೂಡಿನಲ್ಲಿ ತನ್ನದೊಂದು ಮೊಟ್ಟೆ ಇಟ್ಟು ಹೋಗುತ್ತದಂತೆ. ಆ ಮರಿ ಕಣ್ಣು ಬಿಡುವ ಮೊದಲೇ ಬೆನ್ನಿನಿಂದ ತಳ್ಳಿ ತಳ್ಳಿ ಮಿಕ್ಕವನ್ನೆಲ್ಲ ಗೂಡಿನಾಚೆ ಬೀಳಿಸುತ್ತದಂತೆ.

ತಪ್ಪು ನಮ್ಮದಲ್ಲ ಎಂದು ಹಗುರವಾಯಿತು. ಮರುಕ್ಷಣವೇ ಸಿಟ್ಟು ಬಂತು. ಅಕ್ಕನಿಗೆ ಬೇಲಿಯಾಚೆಯಿಂದ ಎಲ್ಲ ಹೇಳಿದೆ. "ಕಿತ್ತು ಬಿಸಾಕ್ಬುಡಾಣ ಅನ್ನುಸ್ತದೆ ಕಣಕ್ಕ. ಇದು ಮೂರು ಮಕ್ಳ ಕೊಂದೈತೆ."

ಹುಳು ಹುಡುಕಿ ತಂದು ಆ ಅಗಲ ಬಾಯಿಗೆ ತಲೆಯನ್ನೇ ತೂರಿಸುತ್ತಿದ್ದ ಹಕ್ಕಿಯನ್ನು ಅಕ್ಕ ನೋಡುತ್ತಿದ್ದರು. "ಅದುಕ್ಕೇನ್ ಗೊತ್ತವ್ವ, ಕಣ್ಣೇ ಬುಟ್ಟಿರ್ಲಿಲ್ಲ ಅಂತೀಯ. ಬಿಸಾಕುದ್ರೆ ಸತ್ತಿರವು ಬತ್ತವಾ? ಸಾಕ್ತಾ ಇರೋಳು ಅವಳು. ಅವಳೇ ಬ್ಯಾಡ ಅಂದಿಲ್ಲ, ನಾನು ನೀನು ಯಾರು?"

ಟುವ್ವಿಗೆ ನಿಜವಾಗಿಯೂ ತಿಳಿಯುವುದಿಲ್ಲವೇ, ಅಥವಾ ತಿಳಿದೂ ಆ ಕೆಂಪು ಬಾಯಿಯನ್ನು ಕಂಡಾಗ ತಡೆಯಲಾಗುವುದಿಲ್ಲವೇ ಎಂದು ಅವತ್ತೆಲ್ಲ ಯೋಚಿಸಿದೆ. ಇವತ್ತಿಗೂ ನನಗದು ಗೊತ್ತಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮಳೆ ಹೊಡೆದು ನಿಂತ ಮೇಲೆ ಅಕ್ಕ ಕೂಗಿದರು. ಭಾರಕ್ಕೆ ಎಲೆಯ ಒಂದು ಬದಿಯ ಹೊಲಿಗೆ ಬಿಚ್ಚಿಕೊಂಡು ಗೂಡು ಒಂದೇ ಕಡೆಗೆ ವಾಲಿತ್ತು. ಮರಿ ಅಂಚಿನಲ್ಲಿ ಉಗುರೂರಿ ನೇತಾಡುತ್ತಿತ್ತು. ಕೆಳಗೆ ಬೆಕ್ಕು ಕೂತಿತ್ತು. ಅಕ್ಕ ಅದನ್ನು ಅಟ್ಟುವಷ್ಟರಲ್ಲಿ ನಾನು ಸೂಜಿ, ಹತ್ತಿ ದಾರ ಹಿಡಿದು ಬೇಲಿ ನುಸುಳಿದ್ದೆ.

"ಅದುಕ್ಕೂ ಹೊಲಿಗೆ ಹಾಕ್ತೀಯೇನವ್ವ!"

"ಕೊಂಬೆ ಅಳ್ಳಾಡ್ದಂಗೆ ಹಿಡ್ಕೊ."

ಬ್ಲೌಸಿಗೆ ಹಾಕುವಂತೆ ಮೊದಲ ಹೊಲಿಗೆ ಹಾಕಿ ಗಂಟು ಬಿಗಿದೆ. ಚರ್ ಎಂದು ಎಲೆ ಹರಿಯಿತು. ಎರಡನೆಯದೂ ಹಾಗೆಯೇ. ಎಲೆ ಬಟ್ಟೆಯಲ್ಲ, ಬಿಗಿದರೆ ತಡೆಯುವುದಿಲ್ಲ. ತೆಂಗಿನ ಚಿಪ್ಪಿನಿಂದ ಹತ್ತಿ ತೆಗೆದು, ಹಕ್ಕಿ ಮಾಡಿದಂತೆಯೇ ಒಂದೊಂದು ತೂತಿಗೂ ಒಂದೊಂದು ಎಳೆ ತೂರಿಸಿ, ತುದಿ ಉಬ್ಬಿಸಿ ಬಿಟ್ಟೆ. ನಿಂತಿತು. ಐದು ಹೊಲಿಗೆ ಹಾಕುವಷ್ಟರಲ್ಲಿ ಟುವ್ವಿಗಳೆರಡೂ ನನ್ನ ತಲೆಯ ಮೇಲೆಯೇ ಹಾರಾಡಿ ಬೈಯುತ್ತಿದ್ದವು, ಮರಿ ನನ್ನ ಬೆರಳನ್ನೇ ತಿಂಡಿ ಎಂದು ಬಾಯಿ ಕಳೆಯುತ್ತಿತ್ತು. ಗೂಡಿನ ಕೆಳಗೆ ಲೈನಿಂಗ್ ಬಟ್ಟೆಯ ಒಂದು ಪಟ್ಟಿಯನ್ನು ತೊಟ್ಟಿಲಿನಂತೆ ಕಟ್ಟಿ ಈಚೆ ಬಂದೆವು. ಮೈಯೆಲ್ಲ ಬೆವರು. ಹತ್ತೇ ನಿಮಿಷದಲ್ಲಿ ಹೆಣ್ಣು ಹಕ್ಕಿ ಹಸಿರು ಹುಳವೊಂದನ್ನು ತಂದು ನನ್ನ ಹೊಲಿಗೆಯ ಮೇಲೆಯೇ ಕೂತಿತು.

ನಾಲ್ಕು ದಿನಕ್ಕೆ ಮರಿ ಗೂಡು ಬಿಟ್ಟಿತು. ಬಿಟ್ಟರೂ ದೂರ ಹೋಗಲಿಲ್ಲ. ಬೇಲಿಯ ತಂತಿಯ ಮೇಲೆ ಕೂತು ದಿನವಿಡೀ ಚೀರುತ್ತಿತ್ತು. ಟುವ್ವಿ ಅದರ ಮುಖ ಎಟುಕದೆ, ಅದರ ಬೆನ್ನ ಮೇಲೆಯೇ ಹತ್ತಿ ನಿಂತು ಬಾಯಿಗೆ ಉಣಿಸುತ್ತಿತ್ತು. ಅಕ್ಕನ ಹುಳಗಳು ಅಷ್ಟರಲ್ಲಿ ಚಂದ್ರಿಕೆಯಲ್ಲಿ ಗೂಡು ಕಟ್ಟಿ ಮಾರಾಟಕ್ಕೂ ಹೋಗಿದ್ದವು. ಬಿಡುವಾದಾಗಲೆಲ್ಲ ಅವರು ನಮ್ಮ ಒಗೆಯುವ ಕಲ್ಲಿನ ಮೇಲೆ ಬಂದು ಕೂರುತ್ತಿದ್ದರು. ಒಂದು ಬೆಳಿಗ್ಗೆ ತಂತಿ ಖಾಲಿಯಾಗಿತ್ತು. ಟುವ್ವಿಗಳು ಎರಡು ದಿನ ಅಲ್ಲೇ ಸುತ್ತಾಡಿ, ಮೂರನೆಯ ದಿನ ಕರಿಬೇವಿನ ಗಿಡದಲ್ಲಿ ಏನೂ ಆಗಿಲ್ಲದಂತೆ ಕೂಗಿದವು.

ಕಾರ್ತಿಕದ ಒಂದು ಮುಂಜಾನೆ ನಾನು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಅಕ್ಕ ಬೇಲಿಯಿಂದ ದನಿ ತಗ್ಗಿಸಿ ಕರೆದರು. ದನಿ ತಗ್ಗಿಸುವುದು ಅವರ ಜಾಯಮಾನವಲ್ಲ.

"ಮೆಲ್ಲಗೆ ಬಾ. ನಮ್ಮ ತಿಪ್ಪೆ ಮೇಲೆ ಯಾವನೋ ಬಂದವ್ನೆ. ತಲೆ ಮೇಲೆ ಬೀಸಣಿಗೆ ಮಡಗ್ಕಂಡವ್ನೆ ಕಣವ್ವ."

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋದೆ. ತಿಪ್ಪೆಯ ಅಂಚಿನಲ್ಲಿ ಕಪ್ಪು ಬಿಳಿ ಪಟ್ಟೆಯ ಹಕ್ಕಿಯೊಂದು ಉದ್ದ ಕೊಕ್ಕನ್ನು ಮಣ್ಣಿಗೆ ಊರಿ ಊರಿ ತೆಗೆಯುತ್ತಿತ್ತು. ನಮ್ಮನ್ನು ಕಂಡು ತಲೆಯ ಜುಟ್ಟನ್ನು ಒಮ್ಮೆ ಬಿಚ್ಚಿ ಮತ್ತೆ ಮಡಚಿತು.

"ಏನ್ ತಿಂತಾ ಇರ್ಬೌದು ಅದು?" ಅಕ್ಕ ಪಿಸುಗುಟ್ಟಿದರು.

"ಗೊತ್ತಿಲ್ಲ ಕಣಕ್ಕ. ನೋಡಾಣ ಇರು."

ಇಬ್ಬರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತೆವು.